ವಾಲೇಸನ ‘ಮಲಯ ದ್ವೀಪಸ್ತೋಮ’ದಲ್ಲಿ ಕಾಡೂ ಜನರೂ

ಆಲ್ಫ್ರೆಡ್ ರಸಲ್ ವಾಲೇಸನ ‘ಮಲಯ ದ್ವೀಪಸ್ತೋಮ’ವು 1869ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಮನುಷ್ಯನನ್ನೂ ಪ್ರಕೃತಿಯನ್ನೂ ಕುರಿತ ಅಧ್ಯಯನಗಳೆಂದು ಅದರ ಉಪಶೀರ್ಷಿಕೆಯೇ ಸಾರುತ್ತದೆ. ಈ ಎರಡನ್ನೂ ಬೇರ್ಪಡಿಸಿ ಓದಿದರೆ ಗ್ರಂಥದ ಜೀವಾಳವು ಕೈಗೆ ಸಿಕ್ಕದು.

ಗ್ರಂಥಕರ್ತನು 1854ರಿಂದ 1862ರವರೆಗೆ ಆ ದ್ವೀಪಗಳಲ್ಲಿ ಸುಮಾರು 14,000 ಮೈಲಿ ಸಂಚರಿಸಿ 1,25,660 ಮಾದರಿಗಳನ್ನು ಕೂಡಿಹಾಕಿದನು. ಅವುಗಳನ್ನು ಮಾರಿ ಬಂದ ಹಣವೇ ಅವನ ಪ್ರವಾಸಕ್ಕೆ ಆಧಾರವಾಗಿದ್ದಿತು. ಆದುದರಿಂದ ಅವನ ಕಾಡಿನ ವರ್ಣನೆಯಲ್ಲಿ ಬೆರಗೂ ಬಂದೂಕೂ ಜೊತೆಯಾಗಿಯೇ ಇರುವುವು.

ಬೋರ್ನಿಯೋದ ಸಿಮುಂಜೋನ್ ಪ್ರಕರಣವು ಇದಕ್ಕೆ ನಿದರ್ಶನ. ಒರಾಂಗುಟಾನನ್ನು ಅಲ್ಲಿಯ ದಯಾಕರು ಮಿಯಾಸ್ ಎನ್ನುವರು. 1855ರಲ್ಲಿ, ತಾನೇ ಗುಂಡಿಟ್ಟು ಕೆಡಹಿದ ತಾಯಿ ಮಿಯಾಸಿನ ಎಳೆಯ ಮರಿಯು ಕೆಸರಿನಲ್ಲಿ ಮುಖವಿಟ್ಟು ಬಿದ್ದಿರುವುದನ್ನು ಕಂಡು ವಾಲೇಸನು ಎತ್ತಿಕೊಂಡು ಬರುತ್ತಾನೆ. ಅದು ಅವನ ಗಡ್ಡವನ್ನು ಹಿಡಿದು ಬಿಡದು. ಹಾಲು ದೊರೆಯದ ಆ ಸ್ಥಳದಲ್ಲಿ ಅವನು ಗಂಜಿಯ ತಿಳಿಯನ್ನು ಸೀಸೆಯ ಬಿರಡೆಗೆ ಸಿಕ್ಕಿಸಿದ ಗರಿಯ ಕೊಳವೆಯಿಂದ ಕುಡಿಸುತ್ತಾನೆ. ತಬ್ಬಿಕೊಳ್ಳಲೆಂದು ಎಮ್ಮೆಯ ತೊಗಲಿನಿಂದ ಕೃತಕ ತಾಯಿಯೊಂದನ್ನೂ ಮಾಡಿಕೊಡುತ್ತಾನೆ. ಸುಮಾರು ಮೂರು ತಿಂಗಳಿಗೆ ಮರಿಯು ಸಾಯುತ್ತದೆ. ತೊಗಲನ್ನೂ ಎಲುಬುಗಳನ್ನೂ ಸಂಸ್ಕರಿಸಿ ಕಾದಿಟ್ಟ ಮೇಲೆ, ಮರದಿಂದ ಬಿದ್ದಂದೇ ಅದರ ಒಂದು ಕೈಯೂ ಒಂದು ಕಾಲೂ ಮುರಿದು ತಾವಾಗಿ ಕೂಡಿಕೊಂಡಿದ್ದುದು ತಿಳಿಯುತ್ತದೆ. ಲಾಲನೆಯನ್ನೂ ಸಂಗ್ರಹವನ್ನೂ ಒಂದೇ ಸ್ವರದಲ್ಲಿ ಹೇಳಿರುವುದನ್ನು ಕಠಿನಹೃದಯವೆಂದು ಕೆಲವರು ಬಗೆಯಬಹುದು. ಆದರೆ ಅವನು ಏನನ್ನೂ ಮುಚ್ಚಿಲ್ಲ. ಮುಚ್ಚಿದ್ದರೆ ಓದುಗನಿಗೆ ಈ ಸಂಕಟವೇ ಉಂಟಾಗುತ್ತಿರಲಿಲ್ಲ.

1857ರಲ್ಲಿ ಅರೂ ದ್ವೀಪಗಳಲ್ಲಿ ರಾಜಸ್ವರ್ಗಪಕ್ಷಿಯನ್ನು ಕೈಯಲ್ಲಿ ಹಿಡಿದು ಅವನು ಮಾಡುವ ಚಿಂತನೆಯು ಇನ್ನೂ ಗಹನವಾದುದು. ನಾಗರಿಕ ಮಾನವನು ಈ ಕಾಡುಗಳನ್ನು ಹೊಕ್ಕರೆ, ಯಾವ ಚೆಲುವನ್ನು ಅವನೊಬ್ಬನೇ ಮೆಚ್ಚಬಲ್ಲನೋ ಅದೇ ನಾಶವಾಗುವುದು. ಜೀವಿಗಳೆಲ್ಲವೂ ಮನುಷ್ಯನಿಗಾಗಿ ಹುಟ್ಟಿದವಲ್ಲ ಎಂಬುದು ಅದರ ಸಾರ. ಹೀಗೆ ಬರೆದ ಲೇಖನಿಯೇ ಆ ಹಕ್ಕಿಯ ತೊಗಲನ್ನು ಲೆಕ್ಕಕ್ಕೆ ಸೇರಿಸಿಕೊಂಡಿತು.

ಜನರ ವಿಷಯದಲ್ಲಿ ಗ್ರಂಥವು ಸಮವಾಗಿಲ್ಲ. ಮಲಯರನ್ನೂ ಪಾಪುವರನ್ನೂ ಪ್ರತ್ಯೇಕಿಸಿ ಗೆರೆ ಎಳೆಯುವ ಕಡೆಯ ಅಧ್ಯಾಯವು ಕೀಟಗಳ ವರ್ಗೀಕರಣವನ್ನು ಮನುಷ್ಯರಿಗೆ ಹೊಂದಿಸಿದಂತಿದೆ. ಮುಖಲಕ್ಷಣದಿಂದ ಸ್ವಭಾವವನ್ನು ನಿರ್ಣಯಿಸುವ ಆ ಕ್ರಮವನ್ನು ಇಂದಿನ ಶಾಸ್ತ್ರವು ಒಪ್ಪದು. ಅನುಬಂಧದ ಭಾಷಾಪಟ್ಟಿಗಳು ಅದಕ್ಕಿಂತ ಬೆಲೆಯುಳ್ಳವು. ಆದರೆ ಜನರು ಅವನ ಕಡೆಗೇ ತಿರುಗಿ ನೋಡಿದಾಗ ಬರವಣಿಗೆಗೆ ಕಳೆಯೇರುವುದು. ಅರೂವಿನ ವನುಂಬಾಯಿಯಲ್ಲಿ ಮುದುಕನೊಬ್ಬನು ಅವನ ದೇಶದ ಹೆಸರನ್ನು ಉಚ್ಚರಿಸಲಾರದೆ, ಅಂಥ ಹೆಸರಿನ ದೇಶವೇ ಇರಲಾರದೆಂದು ವಾದಿಸುತ್ತಾನೆ. ಕಾದಿಟ್ಟ ಹಕ್ಕಿ ಹುಳುಗಳಿಗೆಲ್ಲ ಮತ್ತೆ ಜೀವ ಬರುವುದೆಂದು ಅಲ್ಲಿಯವರು ನಂಬಿರುತ್ತಾರೆ. ಪರೀಕ್ಷಕನೇ ಪರೀಕ್ಷೆಗೆ ಗುರಿಯಾಗುವ ಈ ಭಾಗವನ್ನು ತರಗತಿಗಳಲ್ಲಿ ಓದಿಸತಕ್ಕದ್ದು.

ಸಾರವಾಕಿನ ಹುಡುಗನಾದ ಅಲಿಯ ಸ್ಥಾನವೂ ಇಲ್ಲಿ ವಿಚಾರಾರ್ಹ. ಅಡಿಗೆಯವನಾಗಿ ಸೇರಿದ ಇವನು ಬೇಟೆಯಲ್ಲಿಯೂ ತೊಗಲು ಹದಮಾಡುವುದರಲ್ಲಿಯೂ ನುರಿತನು. 1858ರಲ್ಲಿ ಬಚನ್ ದ್ವೀಪದ ಕಾಡಿನಿಂದ, ಎದೆಯಲ್ಲಿ ಹಸಿರು ಗರಿಗಳೂ ಹೆಗಲಲ್ಲಿ ನೀಳವಾದ ಬಿಳಿಯ ಗರಿಗಳೂ ಉಳ್ಳ ಅಪೂರ್ವ ಪಕ್ಷಿಯನ್ನು ತಂದು ತೋರಿಸಿದವನು ಅಲಿಯೇ. ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಎಂಬಾತನು ಅದಕ್ಕೆ ಇಟ್ಟ ಶಾಸ್ತ್ರೀಯ ನಾಮದಲ್ಲಿರುವುದು ವಾಲೇಸನ ಹೆಸರು. ಅಲಿಯು ಅದನ್ನು ತಂದ ಸಂಗತಿಯನ್ನು ವಾಲೇಸನು ಗ್ರಂಥದಲ್ಲಿ ತಾನೇ ಸ್ಪಷ್ಟವಾಗಿ ಬರೆದಿದ್ದಾನೆ.