ಬೆನ್ನು ಕೊಟ್ಟವರ ಇತಿಹಾಸ

ಐರ್ಲೆಂಡಿನ ಲಾಂಗ್‌ಫರ್ಡ್ ಸೀಮೆಯಲ್ಲಿ ಬಾಲಿನಮಕ್ ಎಂಬ ಸಣ್ಣ ಊರಿದೆ. 1798ರ ಸೆಪ್ಟೆಂಬರ್ 8ರಂದು ಅಲ್ಲೊಂದು ಕದನ ನಡೆಯಿತು. ಬ್ರಿಟಿಷರ ವಿರುದ್ಧ ದಂಗೆಯೆದ್ದ ಐರಿಷರ ನೆರವಿಗೆಂದು ಜನರಲ್ ಹಂಬರ್ಟ್ ಸುಮಾರು ಸಾವಿರ ಫ್ರೆಂಚ್ ಸೈನಿಕರೊಡನೆ ಹಿಂದಿನ ತಿಂಗಳಷ್ಟೇ ಬಂದಿಳಿದಿದ್ದ. ಸೋತ ಫ್ರೆಂಚರನ್ನು ಯುದ್ಧಕೈದಿಗಳೆಂದು ಮರ್ಯಾದೆಯಿಂದ ಕಂಡರು. ಅವರ ಜತೆಗಿದ್ದ ಐರಿಷರನ್ನು ಅಟ್ಟಿಸಿಕೊಂಡು ಹೋಗಿ ಕೊಂದರು.

ಊರವರು ಹೇಳುತ್ತ ಬಂದ ಕತೆಯಲ್ಲಿ ನಾಯಕ ಹಂಬರ್ಟ್ ಅಲ್ಲ, ಮಗೀ ಎಂಬ ಫಿರಂಗಿಗಾರ. ಗುಂಡು ಮುಗಿದಾಗ ಅವನು ಪಾತ್ರೆಪಗಡಿಗಳ ಚೂರುಗಳನ್ನೇ ತುಂಬಿ ಹಾರಿಸಿದನಂತೆ. ಫಿರಂಗಿಯ ಗಾಡಿ ಮುರಿದಾಗ ಸಂಗಡಿಗರು ಅದಕ್ಕೆ ಬೆನ್ನು ಕೊಟ್ಟರಂತೆ. ಹಾರಿದ ಹೊಡೆತಕ್ಕೆ ಅವರ ಬೆನ್ನೆಲುಬೇ ಮುರಿಯಿತಂತೆ.

ಇಂಥ ಕತೆಗಳನ್ನು ಕುರಿತದ್ದು ಗೈ ಬೈನರ್ ಅವರ 'ರಿಮೆಂಬರಿಂಗ್ ದ ಇಯರ್ ಆಫ್ ದ ಫ್ರೆಂಚ್' (2007). 1935ರಲ್ಲಿ ಆರಂಭವಾದ ಐರಿಷ್ ಜಾನಪದ ಆಯೋಗದ ಸಂಗ್ರಹ ಅವರ ಮುಖ್ಯ ಆಕರ. ಬೈನರ್ ಈ ಹೇಳಿಕೆಗಳನ್ನು ಇತಿಹಾಸಕ್ಕೆ ಬೇಕಾದ ಕಚ್ಚಾ ಸಾಮಗ್ರಿಯೆಂದು ಬಗೆಯದೆ, ಜನರೇ ಕಟ್ಟಿಕೊಂಡ ಇತಿಹಾಸವೆಂದು ಓದುತ್ತಾರೆ. ಪುಸ್ತಕದ ದೊಡ್ಡ ಗುಣ ಇದೇ. ಮಗೀಯ ಕತೆ ಅಕ್ಷರಶಃ ನಡೆಯಿತೇ ಎಂದು ಕೇಳಿದರೆ ನಮಗೆ ದಕ್ಕುವುದು ಕಡಿಮೆ. ಪರದೇಶದ ಸೈನಿಕನಿಗೆ ಶರಣಾಗುವ ದಾರಿಯಿತ್ತು, ರೈತನಿಗಿದ್ದದ್ದು ಬೆನ್ನು ಮಾತ್ರ ಎಂಬ ನಿಜವನ್ನು ಆ ಕತೆ ಯಾವ ಸೇನಾವರದಿಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

ಆದರೂ ನನ್ನದೊಂದು ತಕರಾರಿದೆ. ಇವುಗಳಲ್ಲಿ ಬಹುಪಾಲು ಬರಹಕ್ಕೆ ಇಳಿದದ್ದು ಸುಮಾರು 140 ವರ್ಷಗಳ ಮೇಲೆ. ನಡುವೆ ಅಚ್ಚಾದ ಲಾವಣಿಗಳು, ಪುಸ್ತಕಗಳು, 1898ರ ಶತಮಾನೋತ್ಸವ ಎಲ್ಲವೂ ಬಂದುಹೋಗಿದ್ದವು. ಬಾಯಿಮಾತು ಮತ್ತು ಅಚ್ಚು ಬೆರೆತದ್ದನ್ನು ಬೈನರ್ ಮರೆಮಾಚುವುದಿಲ್ಲ. ಆದರೆ ಸರ್ಕಾರದ ಪಡೆಯಲ್ಲೂ ಐರಿಷರಿದ್ದರಲ್ಲ, ಅವರ ಮನೆಗಳಲ್ಲಿ ಏನನ್ನು ಹೇಳದೆ ಬಿಟ್ಟರು? ಜನರ ನೆನಪನ್ನು ಗೌರವಿಸುವ ಭರದಲ್ಲಿ ಜನರ ಮೌನವನ್ನು ಮರೆಯಬಾರದು. ಮರೆವಿನ ಈ ಪ್ರಶ್ನೆಯನ್ನು ಅವರು ಅಲ್ಸ್ಟರ್ ಪ್ರಾಂತ್ಯವನ್ನು ಕುರಿತ 2018ರ ಗ್ರಂಥದಲ್ಲಿ ವಿಸ್ತಾರವಾಗಿ ಎತ್ತಿಕೊಂಡರು. ಎರಡನ್ನೂ ಜತೆಗಿಟ್ಟು ಓದುವುದು ಒಳ್ಳೆಯದು.

ಎರಡು ಭಾಷೆಗಳ ನಡುವೆ ಬಾಳುವ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ನೆನಪು ಐರಿಷ್‌ನಲ್ಲೂ ಉಳಿಯಿತು, ಇಂಗ್ಲಿಷಿನಲ್ಲೂ ಉಳಿಯಿತು. 1937ರಿಂದ ಆಯೋಗದ ಯೋಜನೆಯಂತೆ ಶಾಲಾಮಕ್ಕಳು ಹಿರಿಯರನ್ನು ಕೇಳಿ ಊರಿನ ಕತೆಗಳನ್ನು ಬರೆದಿಟ್ಟರು. ಅಜ್ಜಂದಿರು ಹೇಳಲು ಎಂದೂ ಸಿದ್ಧರೇ. ನಮ್ಮಲ್ಲಿ ಕೊರತೆಯಿರುವುದು ಕೇಳುವ ಮಕ್ಕಳದು.