ನಾಲ್ಕು ಪಾತ್ರೆ, ಎರಡು ಒಲೆ

ಜಪಾನಿ ಮನೆಯಡುಗೆ ಕಲಿಯಲು ಯಾವ ಪುಸ್ತಕ ಒಳ್ಳೆಯದು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಬಣ್ಣದ ಫೋಟೊಗಳ ದಪ್ಪ ಪುಸ್ತಕ ಬೇಡ, ಕಪ್ಪು ಬಿಳುಪಿನ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಓದಿ. ಫೋಟೊದಲ್ಲಿ ಕಾಣುವುದು ಬಡಿಸಿಟ್ಟ ತಟ್ಟೆ. ಕಲಿಯುವವರು ನೋಡಬೇಕಾದದ್ದು ಬಡಿಸುವ ಮೊದಲಿನ ಗಡಿಬಿಡಿ.

ಹಾಗೆಂದು ಎಲ್ಲ ಅಡುಗೆ ಮಾಂಗಾಗಳೂ ಕೆಲಸಕ್ಕೆ ಬರುವುದಿಲ್ಲ. 1983ರಲ್ಲಿ ಆರಂಭವಾದ ‘ಒಯಿಶಿನ್ಬೊ’ ಹೆಸರಾಂತದ್ದು ನಿಜ. ಆದರೆ ಅದರ ನಾಯಕ, ಪತ್ರಕರ್ತ ಯಾಮಾಒಕಾ, ರುಚಿಯ ವಿಷಯದಲ್ಲಿ ಹೆತ್ತ ಅಪ್ಪನ ಜೊತೆಗೇ ಜಿದ್ದಿಗೆ ಬಿದ್ದವನು. ಆ ಕಥೆ ನಾಲಗೆಯನ್ನು ಪಳಗಿಸುತ್ತದೆ, ಕೈ ಮಾತ್ರ ಇದ್ದಲ್ಲೇ ಇರುತ್ತದೆ. ತೋಚಿ ಉಯೆಯಾಮಾ ಅವರ ‘ಕುಕಿಂಗ್ ಪಾಪಾ’ ಮನೆಗೆ ಹತ್ತಿರ. ದಿನವಿಡೀ ಕಚೇರಿಯಲ್ಲಿ ದುಡಿಯುವ ಭಾರೀ ಮೈಕಟ್ಟಿನ ಅಪ್ಪ ಮನೆಮಂದಿಗೆ ಅಡುಗೆ ಮಾಡುತ್ತಾನೆ, ಕಂತಿನ ಜೊತೆಗೆ ರೆಸಿಪಿಯೂ ಇರುತ್ತದೆ.

ನನ್ನ ಆಯ್ಕೆ ಮಾತ್ರ ಫುಮಿ ಯೋಶಿನಾಗಾ 2007ರಲ್ಲಿ ಶುರುಮಾಡಿದ ‘ನಿನ್ನೆ ಏನು ತಿಂದೆ?’. 2014ರಿಂದ ಇಂಗ್ಲಿಷಿನಲ್ಲೂ ಬಂದಿದೆ. ವಕೀಲ ಶಿರೊ ಮತ್ತು ಸಲೂನಿನಲ್ಲಿ ಕೆಲಸ ಮಾಡುವ ಅವನ ಸಂಗಾತಿ ಕೆಂಜಿ, ಇವರಿಬ್ಬರ ರಾತ್ರಿಯೂಟವೇ ಇದರ ಕಥೆ. ತಿಂಗಳ ಊಟದ ಖರ್ಚು 25,000 ಯೆನ್ ದಾಟಬಾರದು ಎಂಬುದು ಆರಂಭದ ಕಂತುಗಳಲ್ಲಿ ಶಿರೊನ ಹಟ. ಅಂಗಡಿಯಲ್ಲಿ ಅಂದು ಏನು ಅಗ್ಗವೋ ಅದೇ ಆ ದಿನದ ಅಡುಗೆ. ಕಲ್ಲಂಗಡಿ ಅಗ್ಗಕ್ಕೆ ಸಿಕ್ಕಾಗ, ಅಲ್ಲೇ ಭೇಟಿಯಾದ ಗುರುತಿಲ್ಲದ ಗೃಹಿಣಿಯ ಜೊತೆ ಪಾಲು ಮಾಡಿಕೊಳ್ಳುತ್ತಾನೆ. ಬಾಟಲಿಯಲ್ಲಿ ಬರುವ ಸಿದ್ಧ ಸಾಸನ್ನು ಬಳಸಲು ಅವನಿಗೆ ನಾಚಿಕೆಯಿಲ್ಲ. ಮನೆಯಡುಗೆಯ ಲೆಕ್ಕಾಚಾರ ಅಂದರೆ ಇದೇ.

ಒಲೆಯ ಮುಂದೆ ಅವನು ಮನಸ್ಸಿನಲ್ಲೇ ಆಡಿಕೊಳ್ಳುವ ಮಾತೇ ರೆಸಿಪಿ. ಇದು ಬೇಯುವಷ್ಟರಲ್ಲಿ ಅದನ್ನು ಹೆಚ್ಚಬೇಕು, ಸೊಪ್ಪು ಬಾಡಿಸಿದ ಮೇಲೆ ಸಾರಿಗೆ ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆ ಕದಡಬೇಕು. ಅಡುಗೆ ಪುಸ್ತಕ ಒಂದೊಂದು ಪದಾರ್ಥಕ್ಕೆ ಒಂದೊಂದು ಪುಟ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅನ್ನ, ಸಾರು, ಎರಡು ಬಗೆಯ ಪಲ್ಯ, ಎಲ್ಲವೂ ಒಟ್ಟಿಗೆ ಬಿಸಿಯಾಗಿ ತಟ್ಟೆಗೆ ಬರುವುದು ಹೇಗೆಂದು ಅದು ಹೇಳುವುದಿಲ್ಲ. ಮಾಂಗಾದ ಚೌಕಗಳು ಹೇಳುತ್ತವೆ. ಬಣ್ಣವಿಲ್ಲದ್ದರಿಂದ ಈರುಳ್ಳಿ ಎಷ್ಟು ಕೆಂಪಾಯಿತೆಂದು ತಿಳಿಯದು, ಆ ಕೊರತೆಯನ್ನು ಒಪ್ಪಬೇಕು.

ನಮ್ಮ ಕನ್ನಡ ಕವಿ ಮಂಗರಸ 16ನೇ ಶತಮಾನದಲ್ಲಿ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದ. ಓದುಬಾರದವರೂ ಕಿವಿಯಿಂದ ಕಲಿಯಬಹುದಾದ ಪಾಕವಿಧಾನ ಅದು. ಚಿತ್ರಕ್ಕೂ ಅಂಥದ್ದೇ ಗುಣವಿದೆ. ತಮಿಳುನಾಡಿನ ತೇನಿ ಜಿಲ್ಲೆಯ ತೇವಾರಂ, ಕಂಬಂ ಕಣಿವೆಯ ಕಡೆ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಕಲಿತ ಕುಟುಂಬಗಳಿವೆ. ಕನ್ನಡ ಅಕ್ಷರದ ಪಾಕಪುಸ್ತಕ ಅಂಥ ಅಡುಗೆಮನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ. ಹೆಚ್ಚುವ ಕೈಯ ಚಿತ್ರಕ್ಕೆ ಆ ತಡೆ ಇಲ್ಲ.

ಶುರುವಿಗೆ ‘ಗೋಮಾಆಎ’ ಎಂಬ ಎಳ್ಳಿನ ಪಲ್ಯ ಸಾಕು. ಇನ್ನೂರು ಗ್ರಾಂ ಹುರುಳಿಕಾಯಿಯನ್ನು ಗರಿಗರಿ ಉಳಿಯುವಂತೆ ಬೇಯಿಸಿ ನೀರು ಬಸಿಯಿರಿ. ಮೂರು ದೊಡ್ಡ ಚಮಚ ಎಳ್ಳು ಹುರಿದು, ಅರೆಬರೆ ಕುಟ್ಟಿ, ಒಂದೊಂದು ಚಮಚ ಸಕ್ಕರೆ ಮತ್ತು ಸೋಯಾ ಸಾಸ್ ಸೇರಿಸಿ ಕಾಯಿಗೆ ಕಲಸಿ. ಇನ್ನು ಸಾರಿಗೆ ತರಿಸಿಕೊಳ್ಳಬೇಕಾದ್ದು ಕೊಂಬು ಎಂಬ ಒಣಗಿದ ಕಡಲಕಳೆ. 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆದಾ ಇದರ ಸಾರಿನಲ್ಲಿ ಗ್ಲುಟಮೇಟ್ ಗುರುತಿಸಿ, ಉಮಾಮಿ ರುಚಿಯ ಮೂಲ ತೋರಿಸಿದರು. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ನೆನೆಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುನ್ನ ತೆಗೆಯಿರಿ. ಮೀನಿಲ್ಲದ ಈ ಸಾರು ಮೀನು ಮುಟ್ಟದವರಿಗೂ ಸಲ್ಲುತ್ತದೆ.

ಒಂದು ಕಂತನ್ನು ಎರಡು ಸಲ ಓದಿ. ಮೊದಲು ಕಥೆಗಾಗಿ, ಆಮೇಲೆ ಯಾವ ಪಾತ್ರೆ ಯಾವಾಗ ಒಲೆಗೇರಿತು ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತ. ಕಂತಿನಲ್ಲಿ ಹೇಳಿದ ಬರ್ಡಾಕ್ ಎಂಬ ಬೇರುತರಕಾರಿ ಸಿಗದಿದ್ದರೆ ಕ್ಯಾರೆಟ್ ಹಾಕಿ, ದೋಷವಿಲ್ಲ. ಚೀಟಿಯ ಕ್ರಮ ಮಾತ್ರ ತಪ್ಪಿಸಬೇಡಿ.