ಗಿರಿಕುಂಕುಮ

ಜಕ್ಕಲಿ, ರೋಣದ ಕಡೆ ಇಳಕಲ್ ಸೀರೆಯ ಬಣ್ಣ ಕೇಳಿದರೆ ಹಿರಿಯ ಹೆಣ್ಣುಮಕ್ಕಳು ‘ಕೆಂಪು’ ಎಂದು ಹೇಳಿ ಸುಮ್ಮನಾಗುವವರಲ್ಲ. ಗಿರಿಕುಂಕುಮವೋ, ದಾಳಿಂಬೆಯೋ ಎಂದು ಬಿಡಿಸಿ ಹೇಳಬೇಕು. ಕರಿ ಸೀರೆಗೆ ಚಂದ್ರಕಾಳಿ ಎಂಬ ಹೆಸರಿದೆ. ಎಷ್ಟು ಚೆಂದದ ಹೆಸರು! ನನಗೆ ಮಾತ್ರ ಗಿರಿಕುಂಕುಮದ ಮೇಲೇ ಜೀವ. ಹಣೆಯ ಕುಂಕುಮದ ಗಾಢ ಕೆಂಪು ಅದು, ಮುತ್ತೈದೆಯರ ಬಣ್ಣ.

ಸೀರೆಯನ್ನು ಬೆಳಕಿಗೆ ಹಿಡಿದು ಸೆರಗಿನ ಬುಡ ನೋಡಿ. ಒಡಲು ಹತ್ತಿಯದು, ಬಣ್ಣವನ್ನು ಒಳಗೆಳೆದುಕೊಂಡು ತಣ್ಣಗಿರುತ್ತದೆ. ಸೆರಗು ರೇಷ್ಮೆಯದು, ಅದೇ ಕೆಂಪು ಅಲ್ಲಿ ಮಿರುಗುತ್ತದೆ. ಎರಡೂ ಕೂಡುವಲ್ಲಿ ಗಂಟಿಲ್ಲ, ಹೊಲಿಗೆಯಿಲ್ಲ. ಒಡಲಿನ ಹಾಸಿನ ಒಂದೊಂದು ಎಳೆಯನ್ನೂ ಕುಣಿಕೆ ಮಾಡಿ ಸೆರಗಿನ ಎಳೆಯ ಕುಣಿಕೆಗೆ ಸಿಕ್ಕಿಸಿರುತ್ತಾರೆ, ಇದೇ ಕೊಂಡಿ. ಬೆರಳಾಡಿಸಿದರೆ ಸಣ್ಣ ಏಣು ತಾಗುತ್ತದೆ, ಅಷ್ಟೇ. ಮುಂದೆ ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು, ಟೋಪಿ ತೆನಿ. ಆ ಬಿಳುಪಿನ ಪಕ್ಕದಲ್ಲೇ ಗಿರಿಕುಂಕುಮ ತನ್ನ ಪೂರ್ತಿ ಕಳೆ ತೋರುವುದು.

ಇಳಕಲ್ ಸೀರೆಗೆ ಜೊತೆ ಗುಳೇದಗುಡ್ಡದ ಖಣದ ರವಿಕೆ. ಗಿರಿಕುಂಕುಮದ ಮೇಲೆ ಹಸಿರು ಖಣವೇ ಒಪ್ಪುವುದು.